ಕಟ್ಟಿಗಿಂತ ಒಂದು ಬೆರಳು ಅಗಲ

ಮಾನ್ಯ ಅಧ್ಯಕ್ಷರಾದ ಭೋಜರಾಜರೇ, ಖುರುಮ್ ಬಡಾವಣೆಯ ತಂಪು ಆಫೀಸುಗಳಿಂದ ಹಸಿದುಕೊಂಡು ಬಂದಿರುವ ಅತಿಥಿಗಳೇ, ಊಟದ ಬಾಗಿಲು ತೆರೆಯುವವರೆಗೆ ಮಾತ್ರ ಸಭಿಕರಾಗಿರುವ ಮಹನೀಯರೇ,

ಫೋಟೋ ಕಟ್ಟು ಹಾಕುವ ಸಿಪ್ರಿಯನ್‌ಗೆ ಸನ್ಮಾನ! ಎಪ್ಪತ್ತೆಂಟರಲ್ಲಿ ಮಸ್ಕತ್ತಿಗೆ ಬಂದವನು ನಾನು. ಹದಿನಾಲ್ಕು ವರ್ಷ, ನೀವು ಬೇರೆಯವರ ಕಾರಿಗೆ ಒರಗಿ ನಿಂತ ಫೋಟೋಗಳಿಗೆ ಕಟ್ಟು ಹಾಕಿದೆ. ಆಗ ನನ್ನ ಹೆಸರು ನಿಮಗೆ ಗೊತ್ತಿರಲಿಲ್ಲ. ಹೋದ ತಿಂಗಳು ಹೋಟೆಲಿನಲ್ಲಿ ಜಪಾನಿನ ಮರದಚ್ಚಿನ ಚಿತ್ರಗಳ ಪ್ರದರ್ಶನವಾಯಿತು, ಕಟ್ಟು ಹಾಕಿದವನು ಮಂಗಳೂರಿನವನೆಂದು ಪತ್ರಿಕೆಯಲ್ಲಿ ಬಂತು, ನಾನು ಕಲಾಸೇವಕನಾದೆ.

ಏನಿತ್ತು ಆ ಚಿತ್ರಗಳಲ್ಲಿ? ಒಬ್ಬಳು ಬಟ್ಟೆ ಹಿಂಡುತ್ತಾಳೆ. ಒಬ್ಬಳು ಸೊಳ್ಳೆಪರದೆ ಕಟ್ಟುತ್ತಾಳೆ. ಒಬ್ಬಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಒಲೆ ಊದುತ್ತಾಳೆ. ‘ಆಹಾ, ಏನು ಲಾಲಿತ್ಯ!’ ಎಂದರು ನಮ್ಮ ಅಧ್ಯಕ್ಷರು. ಅಲ್ ಹೈಲ್‌ನ ಅವರ ಮನೆಯಲ್ಲಿ ಈ ಲಾಲಿತ್ಯ ದಿನವೂ ನಡೆಯುತ್ತದೆ. ಮನೆಯಾಕೆ ನೆಲ ಒರೆಸುವಾಗ ಅವರು ಕಾಲು ಮಾತ್ರ ಎತ್ತಿಕೊಡುತ್ತಾರೆ.

ನಗಬೇಡಿ. ನನ್ನ ಸರದಿಯೂ ಉಂಟು.

ಚಿತ್ರಗಳನ್ನು ಅಂಗಡಿಗೆ ತಂದವರು ಜಪಾನಿನ ಒಬ್ಬ ಇಂಜಿನಿಯರು. ಅವರ ಅಜ್ಜಿಯ ಕಾಲದ ಆಸ್ತಿ. ಒಲೆ ಊದುವವಳ ಚಿತ್ರ ನನ್ನ ರೆಡಿಮೇಡ್ ಕಟ್ಟಿಗಿಂತ ಒಂದು ಬೆರಳು ಅಗಲ. ಅಂಚಿನಲ್ಲಿ ನಾಲ್ಕು ಅಕ್ಷರ, ಒಂದು ಕೆಂಪು ಮುದ್ರೆ. ಬ್ಲೇಡು ಎತ್ತಿದೆ. ಹಲಗೆ ಹಿಡಿದಿದ್ದ ನನ್ನ ಹೆಂಡತಿ ಐಡಾ ಹೇಳಿದಳು: “ಕತ್ತರಿಸಬೇಡಿ ಮಾರಾಯ್ರೆ, ಅದು ಹೆಸರು.”

“ನಿನಗೆ ಜಪಾನಿ ಓದ್ಲಿಕ್ಕೆ ಬರ್ತದಾ?”

“ಹೆಸರು ಅಂತ ಗೊತ್ತಾಗ್ಲಿಕ್ಕೆ ಓದ್ಲಿಕ್ಕೆ ಬರಬೇಕಾ?”

ಖಲಾಸ್, ಕತ್ತರಿಸಿದೆ. ಆ ಮನುಷ್ಯ ಬಂದು ಅಂಚಿನ ಮೇಲೆ ಬೆರಳಾಡಿಸಿದರು, ತಲೆಬಾಗಿ ಹೋದರು. ಬೈದಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ. ಪ್ರದರ್ಶನದಲ್ಲಿ ಅದರ ಕೆಳಗೊಂದು ಚೀಟಿ: ‘ಕಲಾವಿದರು ಯಾರೆಂದು ತಿಳಿದಿಲ್ಲ.’

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಲ್ಲ? ಸಂಘದವರು ಆಮಂತ್ರಣದ ಕರಡು ತಂದರು: ‘ಶ್ರೀ ಸಿಪ್ರಿಯನ್ ಮತ್ತು ಶ್ರೀಮತಿ ಐಡಾ ಅವರಿಗೆ ಸನ್ಮಾನ.’ ಅತಿಥಿಗಳ ಹೆಸರೇ ಏಳು ಸಾಲು. ಒಂದು ಸಾಲು ಹೆಚ್ಚಾಗುತ್ತದೆ ಎಂದರು. ಅತಿಥಿಗಳನ್ನು ಮುಟ್ಟಲಾದೀತೇ? ‘ಶ್ರೀ ಸಿಪ್ರಿಯನ್ ದಂಪತಿ’ ಎಂದು ಹಾಕಿ, ಸಾಕು ಎಂದೆ. ಅವಳ ಹೆಸರಿನ ಮೇಲೆ ಗೆರೆ ಎಳೆದದ್ದೂ ನಾನೇ.

ನನ್ನ ಪಕ್ಕದ ಕುರ್ಚಿ ಖಾಲಿ ಏಕೆಂದು ಆಗಿನಿಂದ ನೋಡುತ್ತಿದ್ದೀರಿ. ಅವಳು ಹಿಂದಿನ ಅಡುಗೆಕೋಣೆಯಲ್ಲಿ ನಿಮಗಾಗಿ ಬಂಗುಡೆ ಮೀನು ಕಾಯಿಸುತ್ತಿದ್ದಾಳೆ. ಕರೆಯಲು ಹೋದೆ. ಕಾವಲಿಯಿಂದ ಕಣ್ಣೆತ್ತಲಿಲ್ಲ. “ಕಾರ್ಡಿನಲ್ಲಿ ಯಾರ ಹೆಸರುಂಟೋ ಅವರೇ ಕೂತ್ಕೊಳ್ಳಲಿ” ಎಂದಳು.

ಕಾರ್ಡಿನಲ್ಲಿ ಇಲ್ಲದ್ದನ್ನು ಮೈಕಿನಲ್ಲಿ ಹೇಳುತ್ತೇನೆ. ನೀವು ಹೊಗಳಿದ ಕಟ್ಟುಗಳ ಗಾಜು ಒರೆಸಿದ್ದು, ಅಂಟು ಬಳಿದದ್ದು, ಮೂಲೆ ಕೂಡಿಸಿದ್ದು ಐಡಾ ಪಿಂಟೊ. ಚಪ್ಪಾಳೆ ಬೇಡ, ಅದೂ ಗಂಡನಿಗೇ ಎಂದುಕೊಳ್ಳುತ್ತಾಳೆ. ಸ್ವಲ್ಪ ಸುಮ್ಮನಿರಿ, ಕಾವಲಿಯ ಸದ್ದು ನಿಂತಿತೋ ಕೇಳೋಣ.

ನಿಂತಿಲ್ಲ.

ಸರಿ. ನೀವು ಹೊದಿಸಿದ ಈ ಶಾಲು ಆ ಕುರ್ಚಿಯ ಮೇಲಿರಲಿ. ಉಳಿದ ಮೀನು ಮಗುಚಿ ಹಾಕಲು ನಾನು ಒಳಗೆ ಹೋಗುತ್ತೇನೆ. ಊಟ ತಡವಾದರೆ, ಕರಟಿದರೆ, ಬೈಗುಳವನ್ನು ನನ್ನ ಹೆಸರಿಗೇ ಕಳಿಸಿ. ಧನ್ಯವಾದ ಆ ಅಡುಗೆಕೋಣೆಯ ಬಾಗಿಲಿಗೆ. ನಿಮಗೆ ನಮಸ್ಕಾರ.