ಉರಿ ಹಿಡಿದವನ ಮೇಲೆ ಎರಡು ಏಟು

ನನ್ನ ಹೆಸರು ತುಲೆಗೆನ್ ಸಾದಿರ್‌ಬಾಯೆವ್, ವಯಸ್ಸು ಐವತ್ತೆಂಟು, ಉದ್ಯೋಗ ಕಟ್ಟಡ ಕಸುಬಿನ ಕಾಲೇಜಿನಲ್ಲಿ ತಾರಸಿ ಕೆಲಸದ ಬೋಧಕ, ವಾಸ ಕಜಾಕಸ್ತಾನದ ಕರಗಂಡಾ ನಗರ, ಗಣಿಯವರ ಬೀದಿ, ಹದಿನಾಲ್ಕನೆಯ ಮನೆ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ಬರೆಸುವುದೇನೆಂದರೆ:

ನನ್ನ ವಿದ್ಯಾರ್ಥಿಗಳಾದ ಬೆಗ್ಜಾತ್ ಖಮ್ಜಿನ್, ಹತ್ತೊಂಬತ್ತು ವರ್ಷ, ಮತ್ತು ಝನೆಲ್, ಹದಿನೆಂಟು ವರ್ಷ, ಇವರಿಬ್ಬರನ್ನು ನಾನು ಎರಡು ಅಂತಸ್ತಿನ ಒಂದು ಶಿಶುವಿಹಾರದ ತಾರಸಿ ಕೆಲಸಕ್ಕೆ ಕರೆದೊಯ್ಯುತ್ತಿದ್ದೆ. ಒಳಗಿನ ಕಾವಿಗೆ ತಾರಸಿಯ ಹಿಮ ಕರಗಿ, ಬಿರುಕುಗಳಲ್ಲಿ ಇಳಿದು, ದೀಪದ ತಂತಿಯ ಗುಂಟ ಮಕ್ಕಳ ಕೋಣೆಗೆ ತೊಟ್ಟಿಕ್ಕುತ್ತಿತ್ತು. ಆದುದರಿಂದ ವಸಂತದವರೆಗೆ ಕಾಯುವಂತಿರಲಿಲ್ಲ. ಗುತ್ತಿಗೆದಾರರ ಪರವಾಗಿ ಮೇಸ್ತ್ರಿ ಮರಲ್‌ಬೆಕ್ ಔಬಾಕಿರೊವ್ ಕೆಲಸ ನೋಡಿಕೊಳ್ಳುತ್ತಿದ್ದರು.

ಜನವರಿ ಹದಿನೇಳರಂದು ಬೆಳಿಗ್ಗೆ ಎಂಟಕ್ಕೆ ನಾವು ತಾರಸಿ ಹತ್ತಿದಾಗ ಚಳಿ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿತ್ತು. ಡಾಂಬರು ಹಾಳೆಯ ಸುರುಳಿಗಳನ್ನು ರಾತ್ರಿ ಬಾಯ್ಲರ್ ಕೋಣೆಯಲ್ಲಿಟ್ಟು ಒಂದೊಂದಾಗಿ ಮೇಲೆ ತರಬೇಕೆಂದು ನಾನು ಹಿಂದಿನ ದಿನವೇ ತಿಳಿಸಿದ್ದೆ. ಮೇಸ್ತ್ರಿಯವರು ಅವನ್ನು ರಾತ್ರಿಯಿಡೀ ಹಿಮದಲ್ಲೇ ಬಿಟ್ಟಿದ್ದರು. ಝನೆಲ್ ಮೊದಲ ಸುರುಳಿಯನ್ನು ಬಿಚ್ಚುತ್ತಿದ್ದಂತೆ ಅದು ಒಣರೊಟ್ಟಿಯಂತೆ ಅಡ್ಡಡ್ಡ ಮುರಿಯಿತು. ಅವಳು ಎಳೆದದ್ದೇ ಸರಿಯಿಲ್ಲವೆಂದು ಮೇಸ್ತ್ರಿ, ಡಾಂಬರು ಮೆತ್ತಿ ಕಲ್ಲಾಗಿದ್ದ ಕೈಗವಸಿನಿಂದ ಅವಳ ಕುತ್ತಿಗೆಗೆ ಬಾರಿಸಿದರು. ಅವಳು ಮುಗ್ಗರಿಸಿ ಬಿದ್ದಳು, ಮೂಗಿನಿಂದ ರಕ್ತ ಬಂತು. ಬೆಗ್ಜಾತ್ ಅವಳ ಟೋಪಿಯನ್ನು ಹೆಕ್ಕಿ ಕೊಡವಿ ಕೊಟ್ಟನು. ನಾನು ಆಕ್ಷೇಪಿಸಿದೆ. ಆಗ ಮೇಸ್ತ್ರಿ, ವಿದ್ಯಾರ್ಥಿಗಳು ಗುರುವನ್ನು ಕರೆಯುವಂತೆ ನನ್ನನ್ನು ಅಗಾಯ್ ಎಂದು ಕರೆದು ಹೇಳಿದ್ದು: "ಮುದ್ದು ಮಾಡೋದಿದ್ರೆ ಮನೇಲಿ ಮಾಡಿ ಅಗಾಯ್. ಇದು ತಾರಸಿ, ತೊಟ್ಟಿಲಲ್ಲ."

ಸುರುಳಿಗಳನ್ನು ಕೆಳಗಿಳಿಸಿ ಕಾವಿಗಿಟ್ಟೆವು. ಮಧ್ಯಾಹ್ನದವರೆಗೆ ತಾರಸಿಯ ಮಂಜನ್ನು ಕೆರೆದು, ಉರಿಯಿಂದ ಒಣಗಿಸಿ, ಹಾಳೆ ಅಂಟಲೆಂದು ಪ್ರೈಮರ್ ಬಳಿದೆವು. ಒಂದು ಗಂಟೆ ದಾಟಿದ ಮೇಲೆ ಹಾಳೆ ಅಂಟಿಸಲು ತೊಡಗಿದಾಗ, ಅದರ ಅಡಿಯ ಡಾಂಬರನ್ನು ಕರಗಿಸುವ ಗ್ಯಾಸ್ ಬರ್ನರುಗಳಲ್ಲಿ ಒಂದರ ಉರಿ ಹಳದಿಗೆ ತಿರುಗಿ ಕುಗ್ಗಿತು. ಅದರ ಸಿಲಿಂಡರಿನ ಮೈಮೇಲೆ ಬಿಳಿ ಮಂಜು ಕಟ್ಟಿತ್ತು. ಕೊರೆಯುವ ಚಳಿಯಲ್ಲಿ ಒಳಗಿನ ಗ್ಯಾಸ್ ಮೇಲೇಳುವುದಿಲ್ಲ. ಅಂಥ ಸಿಲಿಂಡರನ್ನು ಉಗುರುಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ನಿಲ್ಲಿಸಬೇಕು. ನೀರು ತರಲು ಝನೆಲ್‌ಳನ್ನು ಶಿಶುವಿಹಾರದ ಅಡುಗೆಮನೆಗೆ ಕಳುಹಿಸಿದೆ.

ಮೇಸ್ತ್ರಿ ಕಾಯಲಿಲ್ಲ. ಇನ್ನೊಂದು ಸಿಲಿಂಡರಿನ ಬರ್ನರನ್ನು ಹೊತ್ತಿಸಿ, ಅದರ ಉರಿಯನ್ನು ಮಂಜುಗಟ್ಟಿದ ಸಿಲಿಂಡರಿನ ಪಕ್ಕೆಗೆ ಹಿಡಿದರು. ನಮ್ಮ ಕಡೆಯ ಹಳೆಯ ಕೆಲಸಗಾರರಲ್ಲಿ ಹಲವರು ಹೀಗೆ ಮಾಡುವುದುಂಟು. ಇದುವರೆಗೆ ಸಿಡಿಯಲಿಲ್ಲವೆಂಬುದೇ ಅವರ ಧೈರ್ಯ. ನಾವು ನಿಂತ ಜಾಗದ ನೇರ ಕೆಳಗೆ ಮಕ್ಕಳು ಊಟ ಮುಗಿಸಿ ಮಲಗಿದ್ದರು.

ಉರಿ ಹಿಡಿದವನನ್ನು ಮುಟ್ಟಬಾರದು, ಬಾಯಲ್ಲಿ ಮಾತ್ರ ಕರೆಯಬೇಕು ಎಂಬುದು ನಮ್ಮ ಕಸುಬಿನ ಕಟ್ಟಳೆ. ಅವನು ಬೆಚ್ಚಿದರೆ ಉರಿ ಯಾರ ಮೇಲಾದರೂ ತಿರುಗುತ್ತದೆ. ಮೊದಲ ದಿನದ ಪಾಠದಲ್ಲೇ ಇದನ್ನು ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ಅದರಂತೆ ನಾನು ಕೂಗಿ ಕರೆದೆ, ಮೇಸ್ತ್ರಿ ಕೇಳಲಿಲ್ಲ. ಬೆಗ್ಜಾತ್ ಸಹ ಕರೆದನು.

"ಅಣ್ಣಾ, ಕೆಳಗೆ ಮಕ್ಕಳು ಮಲಗಿದಾರೆ. ಉರಿ ಆ ಕಡೆ ತಿರುಗ್ಸಿ."

"ಮಲಗ್ಲಿ ಬಿಡೋ, ಬೆಚ್ಚಗಿರ್ತಾರೆ," ಎಂದು ಮೇಸ್ತ್ರಿ ನಕ್ಕರು.

ಬೆಗ್ಜಾತ್ ಅವರನ್ನು ಮುಟ್ಟದೆ, ಉರಿಯುತ್ತಿದ್ದ ಬರ್ನರಿನ ಸಿಲಿಂಡರನ್ನು ಬಂದ್ ಮಾಡಲು ಬಗ್ಗಿದನು. ಮೇಸ್ತ್ರಿ ಉರಿಯನ್ನು ಅವನತ್ತ ಬೀಸಿದರು. ಅವನ ಎಡತೋಳಿನ ಜಾಕೀಟು ಹೊತ್ತಿಕೊಂಡು, ಬಟ್ಟೆ ಕರಗಿ ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮಕ್ಕೆ ಅಂಟಿತು. ನಾನು ಅವನನ್ನು ಕೆಡವಿ ತೋಳನ್ನು ಹಿಮದಲ್ಲಿ ಅದುಮಿ ಹಿಡಿದೆ. ಅಷ್ಟರಲ್ಲಿ ಮೇಸ್ತ್ರಿ ಮತ್ತೆ ಉರಿಯನ್ನು ಮೊದಲಿನ ಸಿಲಿಂಡರಿಗೇ ತಿರುಗಿಸಿದ್ದರು. ಅದರ ಬಣ್ಣ ಬೊಬ್ಬೆಯೆದ್ದು, ತಲೆಯ ಕಡೆ ಸುಯ್ ಎಂಬ ಸದ್ದು ಶುರುವಾಯಿತು.

ಬೆಗ್ಜಾತ್ ನನ್ನ ಕೈಯಿಂದ ಬಿಡಿಸಿಕೊಂಡು, ಪ್ರೈಮರ್ ಬಳಿಯುವ ರೋಲರಿನ ಕಬ್ಬಿಣದ ಕೋಲಿನಿಂದ ಮೇಸ್ತ್ರಿಯ ಮಣಿಕಟ್ಟಿಗೆ ಹೊಡೆದನು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಬರ್ನರ್ ಕೆಳಗೆ ಬಿತ್ತು. ನಾನು ಗ್ಯಾಸ್ ನಿಲ್ಲಿಸಿ, ಕಾದ ಸಿಲಿಂಡರಿನ ಮೇಲೆ ಸಲಿಕೆಯಿಂದ ಹಿಮ ಎಳೆದೆ. ಅಪಾಯ ಅಲ್ಲಿಗೆ ಮುಗಿಯಿತು.

ಮೇಸ್ತ್ರಿ ಮೊಣಕಾಲೂರಿ ಕೈಯನ್ನು ಎದೆಗೆ ಒತ್ತಿಕೊಂಡಿದ್ದರು. ಆಗ ಬೆಗ್ಜಾತ್ ಎರಡನೆಯ ಏಟನ್ನು ಅವರ ದವಡೆಗೆ ಹಾಕಿದನು. ಎರಡು ಹಲ್ಲುಗಳು ಹಿಮದ ಮೇಲೆ ಬಿದ್ದವು. ಮೂರನೆಯದಕ್ಕೆ ಕೋಲೆತ್ತಿದಾಗ ನಾನು ಅವನನ್ನು ಹಿಂದಿನಿಂದ ತಬ್ಬಿ ಹಿಡಿದೆ. "ಸಾಕು ಮಗಾ," ಎಂದೆ. ಅವನು ಕೋಲನ್ನು ಬಿಟ್ಟನು.

ಹಾಳೆ ಅಂಟಿಸುತ್ತಿದ್ದ ತನ್ನನ್ನು ಹುಡುಗ ಹಗೆಯಿಂದ ಹೊಡೆದನೆಂದೂ, ತಾನು ಸಿಲಿಂಡರಿನ ಹತ್ತಿರವೂ ಹೋಗಿರಲಿಲ್ಲವೆಂದೂ ಮೇಸ್ತ್ರಿ ದೂರು ಕೊಟ್ಟಿರುವುದು ತಿಳಿಯಿತು. ಬೆಗ್ಜಾತ್ ಆಸ್ಪತ್ರೆಯಲ್ಲಿ ಪೊಲೀಸ್ ಕಾವಲಿನಲ್ಲಿದ್ದಾನೆ. ಝನೆಲ್ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿದ್ದರಿಂದ, ನಡೆದುದನ್ನು ಕಂಡ ಮೂರನೆಯವನು ನಾನೊಬ್ಬನೇ. ಮೊದಲ ಏಟನ್ನು ಮಾತ್ರ ಹೇಳುತ್ತೇನೆ, ಮೇಸ್ತ್ರಿ ಬಿದ್ದಾಗ ಅವರ ಹಲ್ಲು ಮುರಿದವೆಂದು ಬರೆಸುತ್ತೇನೆ ಎಂದು ನಿನ್ನೆ ಅವನಿಗೆ ಆಸ್ಪತ್ರೆಯಲ್ಲಿ ಹೇಳಿದ್ದು ನಿಜ. ಅದಕ್ಕೆ ಅವನು ಹೇಳಿದನು:

"ಎರಡನೇದೂ ಬರೆಸಿ ಅಗಾಯ್. ಮೊದಲನೇದು ಮಕ್ಕಳಿಗೋಸ್ಕರ ಹೊಡೆದೆ. ಎರಡನೇದು ಹೊಡೀಬೇಕು ಅನ್ನಿಸ್ತು, ಹೊಡೆದೆ. ಅದನ್ನ ಮುಚ್ಚಿಟ್ರೆ ನಾಳೆ ಮೊದಲನೇದನ್ನೂ ಯಾರೂ ನಂಬಲ್ಲ."

ಆದುದರಿಂದ ಎರಡನ್ನೂ ಬರೆಸಿದ್ದೇನೆ. ಸುಟ್ಟ ಬಣ್ಣದ ಗುರುತಿರುವ ಸಿಲಿಂಡರನ್ನು ಠಾಣೆಗೆ ಒಪ್ಪಿಸಿದ್ದೇನೆ. ಎರಡನೆಯ ಏಟಿಗೆ ಕಾನೂನು ಏನು ಹೇಳುತ್ತದೋ ಅದನ್ನು ಅವನು ಅನುಭವಿಸಲಿ. ಮೊದಲನೆಯದನ್ನು ಅದರೊಂದಿಗೆ ಸೇರಿಸಿ ಒಂದೇ ಅಪರಾಧವೆಂದು ಬರೆಯಬಾರದೆಂದು ಕೇಳಿಕೊಳ್ಳುತ್ತೇನೆ.

ಇಂಥ ಹುಡುಗನ ಕೈಗೆ ಮತ್ತೆ ಉರಿ ಕೊಡುವಿರಾ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ಅಧಿಕಾರಿಯವರು ಕೇಳಿದರು. ತೋಳಿನ ಗಾಯ ಮಾಯುವವರೆಗೆ ಕೊಡುವುದಿಲ್ಲ, ಮಾಯ್ದ ಮೇಲೆ ಕೊಡುತ್ತೇನೆ ಎಂದು ಉತ್ತರಿಸಿದ್ದೇನೆ. ಆ ಉತ್ತರವನ್ನೂ ಇಲ್ಲಿ ಸೇರಿಸಬೇಕೆಂದು ನಾನೇ ಕೋರಿದೆನು.

ಬರೆದುದನ್ನು ನನಗೆ ಓದಿ ಹೇಳಲಾಯಿತು. ನಾನು ಕಂಡದ್ದಕ್ಕಿಂತ ಹೆಚ್ಚಾಗಲೀ ಕಡಿಮೆಯಾಗಲೀ ಇದರಲ್ಲಿ ಇಲ್ಲ.

ಸ್ಥಳ: ಕರಗಂಡಾ
ದಿನಾಂಕ: ಜನವರಿ 19
ಸಹಿ: ತು. ಸಾದಿರ್‌ಬಾಯೆವ್