ಕಟಿಂಗ್ ಮಾಸ್ತರು

ಕಣ್ಣಾಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರನ್ನು ಕಂಡು, ನೆಲ ಒರೆಸುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು.

"ಕಟಿಂಗ್ ಮಾಸ್ತರು ಅಲ್ವಾ?"

"ಅಯ್ಯೋ, ನೀನೇನಮ್ಮ ಇಲ್ಲಿ?"

"ಮತ್ತೇನ್ಮಾಡ್ಲಿ? ಗಾರ್ಮೆಂಟ್ಸ್‌ಗೆ ಬಟ್ಟೆ ಕತ್ತರಿಸೋ ಮಷಿನ್ ಬಂತು, ನಮ್ಮ ಇಪ್ಪತ್ತು ಜನರ ಕೆಲಸ ಹೋಯ್ತು. ನೀವು ಅಲ್ಲೇ ಇದ್ದೀರಾ?"

"ಹೂಂ. ಆ ಮಷಿನ್ ನೋಡ್ಕೋತೀನಿ."

"ನಿಮ್ಮನ್ನಾದ್ರೂ ಉಳಿಸ್ಕೊಂಡ್ರಲ್ಲ, ಬಿಡಿ."

ಮಾಸ್ತರು ತಲೆ ತಗ್ಗಿಸಿದರು.

"ಆ ಮಷಿನ್‌ಗೆ ಕೆಲಸ ಕಲಿಸಿದ್ದೇ ನಾನು ಕಣಮ್ಮ. ಚೂರೂ ಬಟ್ಟೆ ದಂಡ ಆಗದ ಹಾಗೆ ಹೇಗೆ ಗುರುತು ಹಾಕ್ತೀನಿ ಅಂತ ಮೂರು ತಿಂಗಳು ಕ್ಯಾಮೆರಾ ಇಟ್ಟು ನೋಡಿದ್ರು. ಯಾಕೆ ಅಂತ ನಂಗೆ ಗೊತ್ತಿತ್ತು."

"ಗೊತ್ತಿತ್ತಾ? ಬೇರೆ ಕಡೆ ಕರೀತಿದಾರೆ, ಹೋಗ್ಲಾ ಅಂತ ಆಗಲೇ ಅಲ್ವಾ ನಾನು ಕೇಳಿದ್ದು?"

"ಹೌದು."

"ಇಲ್ಲೇ ಇರು, ನಾನಿದ್ದೀನಿ ಅಂದ್ರಿ."

"ಬಾಯಿಬಿಟ್ರೆ ನನ್ನನ್ನೂ ಮನೆಗೆ ಕಳಿಸ್ತೀವಿ ಅಂದಿದ್ರು. ಹೆದರಿಬಿಟ್ಟೆ."

ಅವಳು ಮತ್ತೆ ನೆಲ ಒರೆಸತೊಡಗಿದಳು. ಒಳಗಿನಿಂದ ನರ್ಸ್ ಕೂಗಿದಾಗ ಮಾಸ್ತರು ತಡವರಿಸುತ್ತ ಎದ್ದರು.

"ನೆಲ ಒದ್ದೆ ಇದೆ," ಎಂದಳು ಅವಳು, ಅವರ ಮುಖ ನೋಡದೆ. "ಆ ಕಡೆಯಿಂದ ಹೋಗಿ, ಸಾರ್."

ಅವರು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಅವಳು ಬಕೆಟ್ ಎತ್ತಿಕೊಂಡು ಮುಂದಿನ ಕೋಣೆಗೆ ನಡೆದಳು.