ಕೊನೆಯ ಅಂಕದ ಮುಖವಾಡ

ಅಡ್ಯಾರ್ ಬಸ್ ನಿಲ್ದಾಣದಲ್ಲಿ, ಸುತ್ತಲಿನ ತಮಿಳು ಮಾತುಗಳ ನಡುವೆ, ನನ್ನ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಕಾಲೇಜಿನ ಹುಡುಗಿಯೊಬ್ಬಳು ಮಡಿಲಲ್ಲಿ ಕಪ್ಪು ಮುಖವಾಡ ಇಟ್ಟುಕೊಂಡು ಅಜ್ಜಿಯ ಜೊತೆ ಕೂತಿದ್ದಳು. ಅವರ ಮಾತನ್ನು ಬರೆಯುವುದು ಸರಿಯೋ ತಪ್ಪೋ ತಿಳಿಯದು. ಕೇಳಿಸಿದ್ದಕ್ಕೆ ಏನನ್ನೂ ಸೇರಿಸಿಲ್ಲ.

"ಅಕ್ಷಯಾ, ನಾಳೆ ನಾಟಕಕ್ಕೆ ನಿಮ್ಮಪ್ಪನೂ ಬರ್ತಾನಂತೆ."

"ಆಮಾ, ಹೌದಜ್ಜಿ, ಬರಲಿ. ನಾನು ಬರೀ ಬಟ್ಟೆ ಹೊಲಿದುಕೊಡೋಳು ಅಂತ ಅಂದ್ಕೊಂಡಿದಾರೆ."

"ಸ್ಟೇಜ್ ಹತ್ತಬೇಡ ಅಂದಿದ್ದನಲ್ಲೇ. ಹಾಗಾದ್ರೆ ಕೊನೇವರೆಗೂ ಆ ಮುಖವಾಡ ತೆಗೀಬೇಡ."

"ತೆಗೀಲೇಬೇಕು. ನಾಟಕದ ಹುಡುಗಿ ಮುಖ ಮುಚ್ಕೊಂಡು ಹೋಗಿ, ತನ್ನ ಗಂಡನಾಗೋನನ್ನ ತಾನೇ ಪರೀಕ್ಷೆ ಮಾಡ್ತಾಳೆ. ಕೊನೇಲಿ ಎಲ್ಲರೆದುರು ತೆಗೀತಾಳೆ. ಅದಿಲ್ಲದಿದ್ರೆ ನಾಟಕವೇ ಇಲ್ಲ."

"ಯಾವ ಮಹಾರಾಯ ಬರೆದ ಅದನ್ನ?"

"ಮಹಾರಾಯ ಅಲ್ಲ, ಹೆಂಗಸು. ಇಂಗ್ಲೆಂಡಲ್ಲಿ, ಮುನ್ನೂರು ವರ್ಷದ ಹಿಂದೆ. ಹೆಸರೇ ಹಾಕಿಲ್ಲ. ಒಬ್ಬ ಹೆಂಗಸು ಬರೆದದ್ದು ಅಂತಷ್ಟೇ ಇದೆ."

"ಅವಳಿಗೂ ಒಬ್ಬ ಅಪ್ಪ ಇದ್ದಿರಬೇಕು, ಪಾಪ."

ಹುಡುಗಿ ನಕ್ಕಳು. "ಅವಳು ಹೆಸರು ಮುಚ್ಚಿಟ್ಟಿದ್ದು ಸಾಕಜ್ಜಿ. ನಾನು ತೆಗೀತೀನಿ."

"ನೀನು ತೆಗೆಯೋ ತನಕ ಯಾಕೆ, ಸ್ಟೇಜಿಗೆ ಕಾಲಿಟ್ಟ ಕೂಡಲೇ ನಿಮ್ಮಪ್ಪನಿಗೆ ಗೊತ್ತಾಗತ್ತೆ. ನಿನ್ನ ನಡಿಗೆ ಪೂರ್ತಿ ಅವನದೇ."

"ಎದ್ದು ಹೋಗಿಬಿಟ್ರೆ?"

"ನಾನು ಪಕ್ಕದಲ್ಲೇ ಕೂತಿರ್ತೀನಿ. ಎದ್ದರೆ ಅಂಗಿ ಹಿಡಿದು ಕೂರಿಸ್ತೀನಿ. ಮೊದಲು ನಿನ್ನ ಮುಖ ನೋಡಲಿ, ಆಮೇಲೆ ಬೈಯಲಿ."

ಪೋರೂರಿನ ಬಸ್ ಬಂತು. ಅಜ್ಜಿ ಚೀಲದ ಬಾಯಿ ಅಗಲಿಸಿ ಹಿಡಿದರು. ಹುಡುಗಿ ಮುಖವಾಡವನ್ನು ಅದರೊಳಗೆ ಹಾಕಲಿಲ್ಲ. ಕೈಯಲ್ಲೇ ಹಿಡಿದು ಅಜ್ಜಿಯ ಹಿಂದೆ ಹತ್ತಿದಳು.